ಕವಲಿನಲ್ಲಿ ಇಟ್ಟ ಸೊಪ್ಪು

ಅವನ ಸೈಕಲ್ಲು ನನ್ನದಕ್ಕಿಂತ ಹಳೆಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಹೊಟ್ಟೆಕಿಚ್ಚು ಬಂದದ್ದು ಸೈಕಲ್ಲಿಗಾಗಿ ಅಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆಯಲ್ಲಿ ಮೇಷ್ಟ್ರಾಗಿದ್ದೆ. ಹುಟ್ಟಿ ಬೆಳೆದದ್ದೂ ಅಲ್ಲೇ. ಭಾನುವಾರ ಬಂದರೆ ಮೂವರು ಸೈಕಲ್ ಹತ್ತಿ ಕಾಡಿನ ಕಡೆ ಹೊರಡುತ್ತಿದ್ದೆವು: ನಾನು, ನನ್ನ ಬಾಲ್ಯದ ಗೆಳೆಯನಾದ ಒಬ್ಬ ದರ್ಜಿ, ಟೆಲಿಫೋನ್ ಕಚೇರಿಯಲ್ಲಿದ್ದ ಇನ್ನೊಬ್ಬ. ಕಡೂರಿನಿಂದ ಬರುವ ದೊಡ್ಡ ರಸ್ತೆಯಲ್ಲಿ ಲಾರಿಗಳ ಕಾಟ. ಒಂದು ಎದುರಾದರೆ ಇಳಿದು ಚರಂಡಿ ಪಕ್ಕ ನಿಲ್ಲಬೇಕು, ಬಾಯಿತುಂಬ ಧೂಳು. ಹಾಗಾಗಿ ಮೋಟಾರು ಬಾರದ ದಾರಿಗಳನ್ನು ಹುಡುಕುವುದೇ ನಮ್ಮ ಹುಚ್ಚಾಯಿತು. ಹುಡುಕುವುದೆಂದರೆ ನಾನು ಹುಡುಕುವುದು, ಅವರಿಬ್ಬರು ಹಿಂದೆ ಬರುವುದು. ದರ್ಜಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ: "ನಮ್ ಮೇಷ್ಟ್ರಿಗೆ ಕಾಡೆಲ್ಲ ಅಂಗೈ ಮೇಲೈತೆ ಕಣ್ರೀ." ಆ ಒಂದು ಮಾತಿಗಾಗಿ ನಾನು ವಾರವೆಲ್ಲ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಆಗ ತಾಲ್ಲೂಕು ಕಚೇರಿಗೆ ಒಬ್ಬ ಗುಮಾಸ್ತ ವರ್ಗವಾಗಿ ಬಂದ. ದೇವನೂರು ಕಡೆಯವನು, ತೆಂಗಿನ ತೋಟದ ಮನೆತನ. ಬೆಟ್ಟವನ್ನು ದೂರದಿಂದ ಬಿಟ್ಟರೆ ಹತ್ತಿರದಿಂದ ಕಂಡವನಲ್ಲ. ದರ್ಜಿಯ ಅಂಗಡಿಗೆ ಅಂಗಿ ಹೊಲಿಸಲು ಬಂದವನು ನಮ್ಮ ಜೊತೆ ಸೇರಿಕೊಂಡ. ಮೊದಲ ಭಾನುವಾರವೇ, ನಾನು ತೋರಿಸಿದ ಕಡಿದಾದ ಗಾಡಿ ಜಾಡಿನಲ್ಲಿ ಸೈಕಲ್ ತಳ್ಳುತ್ತ ಏದುಸಿರು ಬಿಡುವಾಗ, ಕೇಳಿದ: "ಮೇಷ್ಟ್ರೇ, ಆ ಹಳೇ ಪುಟ್ಟ ರೈಲಿನ ದಾರಿ ಎಲ್ಲೈತೆ?"

ಹಿಂದೆ ನಮ್ಮೂರಿನಿಂದ ಕಾಡಿನೊಳಕ್ಕೆ ಮರ ತರಲು ಪುಟ್ಟ ರೈಲು ಓಡುತ್ತಿತ್ತು. ಹಳಿ ಕಿತ್ತು ಎಷ್ಟೋ ಕಾಲವಾಗಿತ್ತು. ಅದರ ಕತೆಗಳನ್ನು ಕೇಳಿಯೇ ಬೆಳೆದವನು ನಾನು. ಅವನು ಅದನ್ನು ಕಚೇರಿಯ ಹಳೇ ನಕ್ಷೆಯಲ್ಲಿ ಒಂದು ಗೆರೆಯಾಗಿ ನೋಡಿದ್ದನಂತೆ.

"ರೈಲು ಹತ್ತಿದ ಏರು ಸೈಕಲ್ ಹತ್ತಲ್ವಾ?" ಎಂದ.

ಇಷ್ಟು ಸರಳವಾದದ್ದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ? ಇವತ್ತಿಗೂ ಉರಿಯುತ್ತದೆ.

ಮುಂದಿನ ವಾರ ಅವನೇ ಮುಂದಾದ. ದಾರಿಯೆಂದರೆ ಅದು ದಾರಿ! ಬೆಟ್ಟವನ್ನು ಬಳಸಿಕೊಂಡು, ಕಾಲಿಗೆ ಗೊತ್ತಾಗದಷ್ಟು ಮೆಲ್ಲಗೆ ಏರುತ್ತಿತ್ತು. ಎರಡೂ ಕಡೆ ತೇಗ, ಬಿದಿರು. ಗುಡ್ಡ ಕಡಿದ ಜಾಗಗಳಲ್ಲಿ ಗೋಡೆಯ ತುಂಬ ಜರಿಗಿಡ. ಚೈನಿನ ಸದ್ದು ಬಿಟ್ಟರೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವುದಷ್ಟೇ ಕೇಳುತ್ತಿತ್ತು. ದರ್ಜಿ ಹ್ಯಾಂಡಲ್ ಬಿಟ್ಟು ಎರಡೂ ಕೈ ಚಾಚಿ, "ಇದು ನಮ್ಮೂರಲ್ಲೇ ಇತ್ತೇನೋ!" ಎಂದು ಕೂಗಿದ. ಕೂಗಿದ್ದು ಗುಮಾಸ್ತನಿಗೆ, ನನಗಲ್ಲ. ಅವತ್ತಿನಿಂದ ಅಂಗಡಿಯಲ್ಲಿ ಮಾತು ಬದಲಾಯಿತು. ಅಂಗೈ ಮೇಲೆ ಕಾಡು ಇಟ್ಟುಕೊಂಡವನು ಗುಮಾಸ್ತನಾದ. ನಾನು ಬರೀ ಮೇಷ್ಟ್ರು.

ನಮ್ಮ ಕಡೆ ಕಾಡಿನಲ್ಲಿ ಒಂದು ಪದ್ಧತಿಯಿದೆ. ಮುಂದೆ ಹೋದವರು ಕವಲು ಸಿಕ್ಕಲ್ಲಿ, ಹೋಗಬಾರದ ದಾರಿಗೆ ಅಡ್ಡಲಾಗಿ ಹಸಿ ಸೊಪ್ಪು ಹಾಕಿ, ಮೇಲೊಂದು ಕಲ್ಲಿಡುತ್ತಾರೆ. ಹಿಂದೆ ಬರುವವರು ಆ ದಾರಿ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾರೆ. ಒಬ್ಬರು ಇಟ್ಟ ಸೊಪ್ಪನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ದನ ಕಾಯುವವರೂ ಅದನ್ನು ದಾಟಿಕೊಂಡು ಹೋಗುತ್ತಾರೆಯೇ ಹೊರತು ಸರಿಸುವುದಿಲ್ಲ. ಗುಮಾಸ್ತನಿಗೆ ಇದನ್ನು ಕಲಿಸಿದವನು ನಾನೇ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಅವನು ಮುಂದೆ ಹೋಗಿದ್ದ. ದರ್ಜಿಯ ಚೈನು ಕಳಚಿತು. ಟೆಲಿಫೋನಿನವನು ಸಹಾಯಕ್ಕೆ ನಿಂತ. ನಾನೊಬ್ಬನೇ ಕವಲಿಗೆ ಬಂದೆ. ಎಡಗಡೆಯ ಇಳಿಜಾರಿಗೆ ಅಡ್ಡವಾಗಿ ಅವನ ಸೊಪ್ಪು, ಮೇಲೆ ಕಲ್ಲು, ಬಲು ಅಚ್ಚುಕಟ್ಟಾಗಿ. ಆ ಅಚ್ಚುಕಟ್ಟು ಕಂಡು ಮೈಯೆಲ್ಲ ಉರಿಯಿತು. ಹಿಂದಿನವರಿಬ್ಬರು ಅರ್ಧ ಗಂಟೆ ದಾರಿ ತಪ್ಪಲಿ, ಆಮೇಲೆ ಗುಮಾಸ್ತನಿಗೆ ಬೈಯಲಿ, ಇಷ್ಟೇ ನನ್ನ ಲೆಕ್ಕ. ಇಳಿದು, ಸೊಪ್ಪನ್ನೂ ಕಲ್ಲನ್ನೂ ತಂದು ಬಲಗಡೆಯ ಸರಿಯಾದ ದಾರಿಗೆ ಇಟ್ಟೆ. ಸೈಕಲ್ ಎತ್ತಿ ಅದನ್ನು ದಾಟಿಸಿ ಮುಂದೆ ಹೋದೆ.

ಮುಂದೆ ಸಿಗುವ ಹಳೇ ಕಲ್ಲುಸೇತುವೆಯ ಹತ್ತಿರ ಗುಮಾಸ್ತ ಕಾಯುತ್ತಿದ್ದ. ಅರ್ಧ ಗಂಟೆ ಹೋಗಿ ಎರಡು ಗಂಟೆಯಾಯಿತು. ಕೊನೆಗೆ ಇಬ್ಬರೂ ಹಿಂದಿರುಗಿದೆವು. ಕವಲಿನಲ್ಲಿ ಸೊಪ್ಪು ಕಂಡು ಅವನ ಮುಖ ಬಿಳಿಚಿಕೊಂಡಿತು.

"ಮೇಷ್ಟ್ರೇ, ನೀವು ಬರೋವಾಗ ಇದು ಇಲ್ಲೇ ಇತ್ತಾ?"

"ಇಲ್ಲೇ ಇತ್ತು," ಎಂದೆ. "ನನಗೆ ದಾರಿ ಗೊತ್ತಲ್ಲ, ದಾಟ್ಕೊಂಡು ಬಂದೆ."

"ಅಯ್ಯೋ, ನಾನೇ ತಪ್ಪಾಕ್ಬಿಟ್ನಾ," ಎಂದು ಕೆನ್ನೆ ಕೆನ್ನೆ ಬಡಿದುಕೊಂಡ.

ಅವರಿಬ್ಬರೂ ಎಡಗಡೆಯ ಹಳ್ಳದ ಬಳಿ ಸಿಕ್ಕರು. ಇಳಿಜಾರಿನಲ್ಲಿ ದರ್ಜಿ ಬಂಡೆಗೆ ಬಡಿದು ಬಿದ್ದಿದ್ದ. ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಕತ್ತರಿ ಹಿಡಿಯುವ ಕೈ. ಗುಮಾಸ್ತ ಅವನ ಕಾಲ ಬಳಿ ಕೂತು, "ನಂದೇ ತಪ್ಪು ಕಣಣ್ಣಾ," ಎಂದು ಅತ್ತೇಬಿಟ್ಟ. ಈಗ ದರ್ಜಿ ಬೈಯುತ್ತಾನೆ ಎಂದು ನಾನು ಕಾದೆ.

"ಹೋಗ್ಲಿ ಬಿಡೋ," ಎಂದ ದರ್ಜಿ. "ಇಂಥದ್ದನ್ನ ಯಾರಾದ್ರೂ ಬೇಕೂಂತ ಮಾಡ್ತಾರಾ?"

ನಾನು ಬಗ್ಗಿ, ಸರಿಯಾಗೇ ಇದ್ದ ನನ್ನ ಸೈಕಲ್ಲಿನ ಚೈನನ್ನು ಸರಿಮಾಡತೊಡಗಿದೆ.

ಕೈ ನೆಟ್ಟಗಾಗಲು ತಿಂಗಳ ಮೇಲೆ ಹಿಡಿಯಿತು. ಅಷ್ಟು ದಿನವೂ ಗುಮಾಸ್ತ ಕಚೇರಿ ಬಿಟ್ಟೊಡನೆ ಅಂಗಡಿಗೆ ಬಂದು ಕೂರುತ್ತಿದ್ದ. ಗುಂಡಿ ಹಾಕಲು ಕಲಿತ, ಕಾಜಾ ಹೊಲಿಯಲು ಕಲಿತ, ದರ್ಜಿ ಹೇಳಿದಂತೆ ಬಟ್ಟೆ ಕತ್ತರಿಸಲೂ ಕಲಿತ. ನಾನು ಬೀದಿಯಾಚೆಯಿಂದ ನೋಡುತ್ತಿದ್ದೆ. ನಲವತ್ತು ದಿನ ನನ್ನ ಗೆಳೆಯನ ಬಲಗೈ ಆಗಿದ್ದವನು ಅವನು. ಆ ಜಾಗ ನನ್ನದಾಗಬೇಕಿತ್ತು, ತಪ್ಪು ಒಪ್ಪಿಕೊಂಡಿದ್ದರೆ.

ಮತ್ತೆ ಹೊರಟ ದಿನ ಗುಮಾಸ್ತ ಹಿಂದೆ ಸರಿದು, "ನೀವೇ ಮುಂದೆ ಹೋಗಿ ಮೇಷ್ಟ್ರೇ, ನನ್ನ ನಂಬ್ಬೇಡಿ," ಎಂದ. ನಾನು ಬೇಡಿದ್ದು ಅದೇ ತಾನೆ. ಮುಂದೆ ಹೋದೆ. ಸೇತುವೆಗೆ ಬಂದು ಕಾದೆ. ಯಾರೂ ಬರಲಿಲ್ಲ. ವಾಪಸು ಹೋದರೆ, ಮೂವರೂ ಒಂದು ಮತ್ತಿ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ರೊಟ್ಟಿ ಆಗಲೇ ಮುಗಿಯುತ್ತ ಬಂದಿತ್ತು.

"ಲೇ, ನೀನು ಮುಂದೆ ಎಲ್ಲೋ ತಿಂತಾ ಕೂತಿರ್ತೀಯ ಅಂದ್ಕೊಂಡ್ವಿ ಕಣೋ," ಎಂದ ದರ್ಜಿ. ಕುಹಕವೇನೂ ಇರಲಿಲ್ಲ.

ಗುಮಾಸ್ತ ಮಾತ್ರ ಎಲೆಯಲ್ಲಿ ಎರಡು ರೊಟ್ಟಿ, ಚಟ್ನಿಪುಡಿ ಸುತ್ತಿ ನನಗಾಗಿ ತೆಗೆದಿಟ್ಟಿದ್ದ. ಕೈಗೆ ಕೊಟ್ಟ. ಆಗ ಹೇಳಿಬಿಡಬೇಕೆಂದು ಬಾಯಿಯವರೆಗೂ ಬಂತು. ನಾಚಿಕೆಗೆ ಹೆದರಿ ನುಂಗಿಕೊಂಡೆ ಎಂದು ಬಹಳ ವರ್ಷ ನಂಬಿದ್ದೆ. ಅದಲ್ಲ. ಹೇಳಿದ್ದರೆ ಅವನು ಅಲ್ಲೇ, ಆ ಕ್ಷಣವೇ ಕ್ಷಮಿಸಿಬಿಡುತ್ತಿದ್ದ. ಅದನ್ನೂ ಅವನು ನನಗಿಂತ ಚೆನ್ನಾಗಿ ಮಾಡುವುದನ್ನು ನೋಡುವ ತಾಳ್ಮೆ ನನಗಿರಲಿಲ್ಲ.