ಮಾಸ್ತರರ ಕರಿ ಬೂಟು

ಬೆಳಿಗ್ಗೆ ಮೊಮ್ಮಗಳು ಇಂಟರ್‌ವ್ಯೂಗೆ ಹೊರಡುವ ಮೊದಲು ಗ್ಯಾರೇಜಿನಲ್ಲಿ ಕೂತು ತನ್ನ ಬೂಟಿಗೆ ಕರಿ ಪಾಲಿಶ್ ತಿಕ್ಕುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಫಿ ಆರಿಹೋಯಿತು. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಸುಮ್ಮನೆ ಓಡಾಡಿದೆ... ಎಪ್ಪತ್ತರ ದಶಕದ ನನ್ನ ಜರ್ಮನ್ ಮಾಸ್ತರರು ನೆನಪಾಗಿದ್ದರು.

ಧಾರವಾಡದಿಂದ ಮದುವೆಯಾಗಿ ಬಂದ ನಾನು ನ್ಯೂಜೆರ್ಸಿಯಲ್ಲಿ ಜರ್ಮನ್ ಸಾಹಿತ್ಯದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬರ್ಲಿನ್ನಿನಿಂದ ಬಂದು ಇಲ್ಲಿ ನೆಲೆಸಿದ್ದ ಅವರೇ ನನ್ನ ಗೈಡು. ದಿನಾ ಪಾಲಿಶ್ ಕಾಣುವ ಬೂಟು, ಸದಾ ಬಾಗಿಲಿಗೆ ಮುಖ ಮಾಡಿದ ಕುರ್ಚಿ. ಅವರ ದೇಶದ ಕತೆಗಳಲ್ಲಿ ಸೈನಿಕನಿಗೆ, ಮಗನಿಗೆ, ಕೈದಿಗೆ ಬೀಳುವ ಏಟುಗಳೇ ನನ್ನ ವಿಷಯ. ಏಟನ್ನು ಮನಸ್ಸು ಮರೆತರೂ ಮೈ ಮರೆಯುವುದಿಲ್ಲ ಎಂದು ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೆ. ಮಾಸ್ತರರಿಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ.

“ಮೈಗೆ ನೆನಪು ಅಂತ ಇರೋದಿಲ್ಲ. ಮನಸ್ಸು ಹೇಳಿದ್ದನ್ನ ಕೇಳುತ್ತೆ, ಅಷ್ಟೆ. ಈ ಚಾಪ್ಟರ್ ತೆಗೆದುಹಾಕು,” ಎಂದು ತಮ್ಮ ಗಡಸು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು.

ತೆಗೆದರೆ ಉಳಿಯುವುದು ಬರೀ ಕತೆಗಳ ಸಾರಾಂಶ. ತೆಗೆಯದಿದ್ದರೆ ಡಿಗ್ರಿಯ ಆಸೆ ಬಿಡಬೇಕು. ನನಗೆ ನಿದ್ದೆಯಿಲ್ಲ, ಊಟ ಸೇರದು. ನನ್ನ ಗಂಡನಿಗೆ ಮಾತ್ರ ತಮಾಷೆ. “ಕಾಲಿಗೆ ಬಿದ್ದಬಿಡು. ಮಾಸ್ತರ್ ಅಲ್ಲೇನ? ಕರಗ್ತಾರ ತಗೋ,” ಎಂದರು.

ಮರುದಿನ ವಾದ ಮಾಡಲೆಂದೇ ಹೋಗಿದ್ದೆ. ಅವರು ಕಪಾಟಿನ ಹತ್ತಿರ ನಿಂತಿದ್ದರು. ಗಂಡ ಹೇಳಿದ್ದು ನೆನಪಾಯಿತು. ಸರ್ರನೆ ಬಗ್ಗಿ ಅವರ ಬೂಟು ಮುಟ್ಟಿದೆ. ಮೂಗಿನ ತುಂಬ ಪಾಲಿಶ್ ವಾಸನೆ... ಧಡ್ ಎಂದು ಸದ್ದಾಯಿತು. ತಲೆ ಎತ್ತಿದರೆ ಮಾಸ್ತರರು ಕಪಾಟಿಗೆ ಬೆನ್ನು ಒತ್ತಿ, ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು, ಏಟು ಬೀಳುವುದನ್ನು ಕಾಯುವವರ ಹಾಗೆ ಮುದುಡಿ ನಿಂತಿದ್ದರು. ನನಗೆ ಅಳು ಬಂತು. ಇದು ನಮ್ಮ ಕಡೆ ಗುರುಗಳಿಗೆ ಮಾಡುವ ನಮಸ್ಕಾರ ಎಂದು ತೊದಲಿದೆ.

ಬಹಳ ಹೊತ್ತಿನ ಮೇಲೆ ಅವರ ತೋಳು ಕೆಳಗಿಳಿಯಿತು.

“ಯುದ್ಧದ ಕಾಲದಲ್ಲಿ, ಜೈಲಿನಲ್ಲಿ ಮೊದಲು ಕಾಲು ಹಿಡಿದು ಎಳೀತಿದ್ದರು. ಹೊಡೆಯೋದು ಆಮೇಲೆ,” ಎಂದರು. “ಮರೆತಿದ್ದೀನಿ ಅಂದ್ಕೊಂಡಿದ್ದೆ.” ಕುರ್ಚಿಗೆ ಹೋಗಿ ಕೂತು, “ಆ ಚಾಪ್ಟರ್ ಇರಲಿ.”

ನನ್ನ ಮಾತೇ ಗೆದ್ದಿತ್ತು. ಆದರೆ ಮನೆಗೆ ಹೋಗಿ ಗಂಡನಿಗೆ ಅದನ್ನು ಹೇಳಲಿಲ್ಲ.

ಡಿಗ್ರಿ ಸಿಕ್ಕ ಮೇಲೆ ಹೇಳಿಬರಲು ಹೋದಾಗ ಅವರೇ ಎದ್ದು, ಮೇಜು ಹಿಡಿದು ನಿಂತರು. “ನಿಮ್ಮ ಆ ನಮಸ್ಕಾರ ಮಾಡು. ನಿಧಾನಕ್ಕೆ.” ಬಗ್ಗಿದೆ. ಬೂಟಿನೊಳಗೆ ಕಾಲು ನಡುಗುತ್ತಿತ್ತು, ಆದರೂ ಹಿಂದೆ ಸರಿಯಲಿಲ್ಲ. ಆಮೇಲೆ ಅವರ ಕೈ ನನ್ನ ನೆತ್ತಿಯ ಮೇಲೆ ಬಂತು...

ಅವರು ತೀರಿಕೊಂಡದ್ದು ನನಗೆ ತಿಳಿದದ್ದೇ ಎಷ್ಟೋ ವರ್ಷಗಳ ಮೇಲೆ. ಕೊನೆಗೊಮ್ಮೆ ನೋಡಲೂ ಆಗಲಿಲ್ಲ. ಅವರ ದನಿ ಹೇಗಿತ್ತೆಂದು ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಬೂಟು ಹಾಕುವ ಮೊದಲು ಮೊಮ್ಮಗಳು ಬಂದು ನಮಸ್ಕರಿಸಿದಳು. ಅವಳ ತಲೆಯ ಮೇಲೆ ಕೈಯಿಟ್ಟೆ. ನನ್ನ ನೆತ್ತಿ ಬೆಚ್ಚಗಾಯಿತು.