ಗೆರೆ ಅಳೆದ ಪ್ರೂಫಮ್ಮ

ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ಪ್ರೂಫಮ್ಮ ಅಂತಲೇ ಕರೆಯುತ್ತಿದ್ದರು. ಕಾಲೇಜು ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಆ ಪ್ರೆಸ್ಸಿನ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ, ಇಪ್ಪತ್ತೊಂಬತ್ತು ವರ್ಷದಿಂದ ಕರಡಚ್ಚಿನಲ್ಲಿ ಬೇರೆಯವರ ತಪ್ಪು ಹುಡುಕುತ್ತ ಕೂತವರು. ರಸಾಯನಶಾಸ್ತ್ರ ಬರಲಿ, ಕಾನೂನು ಬರಲಿ, ಅವರಿಗೆ ಎಲ್ಲ ಒಂದೇ. ಅರ್ಥದ ಬೆನ್ನು ಹತ್ತಿದರೆ ಅಕ್ಷರ ಕೈ ತಪ್ಪುತ್ತದೆ ಎನ್ನುವುದು ಅವರ ವಾದ. ಮದುವೆಯ ಕರೆಯೋಲೆ ಕೊಡಲು ಬಂದವರ ಎದುರಿಗೇ ಪೆನ್ಸಿಲ್ ತೆಗೆದು ಹುಡುಗಿಯ ಹೆಸರಿನ ಒತ್ತಕ್ಷರ ತಿದ್ದಿ, ಹೀಗೇ ಬಿಟ್ಟರೆ ಬೇರೆ ಯಾರದೋ ಮದುವೆಯಾದೀತು ಎಂದು ಹೇಳಿ ಕಳಿಸಿದ್ದರು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾತು ಕಡಿಮೆ, ಕಣ್ಣು ಚುರುಕು. ಎದುರಿಗೆ ನಿಂತವರ ಭುಜದ ಅಳತೆಯನ್ನು ಟೇಪು ಮುಟ್ಟುವ ಮೊದಲೇ ಹೇಳಿಬಿಡುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಪ್ರೂಫಮ್ಮ ಕೆಲಸವನ್ನು ಮನೆಗೆ ತಂದಿದ್ದರು. ಮನಃಶಾಸ್ತ್ರದ ಪ್ರೊಫೆಸರೊಬ್ಬರ ಪಠ್ಯಪುಸ್ತಕ ಐದನೆಯ ಸಲ ಅಚ್ಚಿಗೆ ಬಂದಿತ್ತು. ಕಣ್ಣು, ಕಿವಿ, ಮೂಗು ನಮಗೆ ಏನು ಹೇಳುತ್ತವೆ, ಮನಸ್ಸು ಅದನ್ನು ಏನೆಂದು ತಿಳಿದುಕೊಳ್ಳುತ್ತದೆ ಎನ್ನುವುದರ ಬಗ್ಗೆ ನಾನೂರು ಪುಟ. ಟೀ ಲೋಟ ಇಡಲು ಬಂದ ದರ್ಜಿ ಪುಟದತ್ತ ಕಣ್ಣು ಹಾಯಿಸಿದರು. ಅಲ್ಲಿ ಒಂದರ ಕೆಳಗೊಂದು ಎರಡು ಅಡ್ಡಗೆರೆ. ಮೇಲಿನದರ ಎರಡೂ ತುದಿಗೆ ಬಾಣದ ಮೊನೆ. ಕೆಳಗಿನದಕ್ಕೆ ಅದೇ ಮೊನೆ ತಿರುಗಿ, ಕೊಂಬೆಯ ಕವಲಿನ ಹಾಗೆ ಹೊರಕ್ಕೆ ಚಾಚಿತ್ತು.

"ಕೆಳಗಿನದು ಉದ್ದ," ಎಂದರು.

"ಉದ್ದ ಕಾಣುತ್ತೆ ಅಷ್ಟೇ ರೀ. ಎರಡೂ ಸಮ. ಅದನ್ನೇ ಭ್ರಮೆ ಅನ್ನೋದು. ಇಲ್ಲೇ ಬರೆದಿದೆ."

"ಬರೆದಿರಬಹುದು. ಆದರೂ ಕೆಳಗಿನದೇ ಉದ್ದ."

ಪ್ರೂಫಮ್ಮ ಕನಿಕರದಿಂದ ಮೂರನೆಯ ಅಧ್ಯಾಯವನ್ನು ಓದಿ ಹೇಳಿದರು. ಎಂಥ ಜಾಣರ ಕಣ್ಣೂ ಇಲ್ಲಿ ಮೋಸ ಹೋಗುತ್ತದೆ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದು ಸಮಾಧಾನವನ್ನೂ ಮಾಡಿದರು. ದರ್ಜಿಗೆ ಬೇಜಾರಾಗಲಿಲ್ಲ, ಮೈ ಉರಿಯಿತು. ಕೊರಳಲ್ಲಿದ್ದ ಟೇಪು ತೆಗೆದು ಪುಟದ ಮೇಲಿಟ್ಟರು. ಮೇಲಿನ ಗೆರೆ ಆರು ಸೆಂಟಿಮೀಟರ್. ಕೆಳಗಿನದು ಆರೂವರೆ.

ಮರುದಿನ ಪ್ರೂಫಮ್ಮ ಗೋದಾಮಿಗೆ ಇಳಿದು ಹಿಂದಿನ ನಾಲ್ಕೂ ಮುದ್ರಣಗಳನ್ನು ಅಳೆದರು. ನಾಲ್ಕರಲ್ಲೂ ಅದೇ ಅರ್ಧ ಸೆಂಟಿಮೀಟರ್ ಹೆಚ್ಚು. ಹದಿನಾರು ವರ್ಷದಿಂದ ಮಕ್ಕಳು ಉದ್ದದ ಗೆರೆಯನ್ನು ನೋಡಿ, ಅದು ಉದ್ದವಲ್ಲ ಎಂದು ಬರೆದು ಪಾಸಾಗಿದ್ದರು. ಆ ನಾಲ್ಕಕ್ಕೂ ಪ್ರೂಫ್ ನೋಡಿದವರು ತಾವೇ ಎನ್ನುವುದು ನೆನಪಾಗಿ ಕಿವಿ ಬಿಸಿಯಾಯಿತು. ಪುಟದ ಅಂಚಿನಲ್ಲಿ "ಅಳತೆಯಲ್ಲಿ ವ್ಯತ್ಯಾಸವಿದೆಯೇ?" ಎಂದು ವಿನಯವಾಗಿ ಬರೆದು ಪ್ರೊಫೆಸರರಿಗೆ ಕಳಿಸಿದರು.

ಕೆಂಪು ಶಾಯಿಯ ಉತ್ತರ ಬಂತು: "ಅಮ್ಮಾ, ಅದೇ ಭ್ರಮೆ. ಮೂರನೆಯ ಅಧ್ಯಾಯವನ್ನು ಗಮನವಿಟ್ಟು ಓದಿ."

ಆ 'ಗಮನವಿಟ್ಟು' ಎನ್ನುವ ಮಾತು ನಾಟಿತು. ಗಮನವಿಟ್ಟು ಓದುವುದೇ ಹೊಟ್ಟೆಪಾಡಾದವರಿಗೆ ಬೇರೆ ಯಾವ ಬೈಗುಳವೂ ಅಷ್ಟು ತಾಗುವುದಿಲ್ಲ. ಅವರು ಚಿತ್ರವನ್ನು ಮೂರು ಥರ ಬರೆಸಿದರು. 'ಅ' ನಿಜವಾಗಿ ಸಮ, 'ಆ' ಹಳೆಯದು, 'ಇ'ಯಲ್ಲಿ ಕೆಳಗಿನ ಗೆರೆಯೇ ಗಿಡ್ಡ. ಅಳತೆ ಯಾವುದಕ್ಕೂ ಬರೆಯದೆ, ಯಾವುದು ಅಚ್ಚಿಗೆ ಹೋಗಲಿ ಎಂದಷ್ಟೇ ಪ್ರೊಫೆಸರರನ್ನು ಕೇಳಿ, ಏನೂ ಅರಿಯದವರ ಹಾಗೆ ಸುಮ್ಮನಾದರು. ಪ್ರೊಫೆಸರರು 'ಆ'ಕ್ಕೆ ಗುರುತು ಹಾಕಿ, "'ಅ'ದಲ್ಲಿ ಕೆಳಗಿನ ಗೆರೆ ಇರಬೇಕಾದ್ದಕ್ಕಿಂತ ಗಿಡ್ಡವಾಗಿದೆ, ತಿದ್ದಿಸಿ" ಎಂದು ಬೇರೆ ಬರೆದರು. ಪ್ರೂಫಮ್ಮ ಒಂದೊಂದು ಗೆರೆಯ ಕೆಳಗೂ ಅದರ ಅಳತೆ ಬರೆದು, ಗಂಡನ ಹಳೆಯ ಟೇಪೊಂದನ್ನು ಮಡಿಸಿ ಅದೇ ಲಕೋಟೆಗೆ ಹಾಕಿದರು.

ಎರಡು ದಿನ ಬಿಟ್ಟು ಪ್ರೊಫೆಸರರೇ ಮೆಟ್ಟಿಲು ಹತ್ತಿ ಬಂದರು. ಬೈಯುತ್ತಾರೆಂದು ಪ್ರೆಸ್ಸಿನ ಯಜಮಾನರು ಹಿಂದಿನ ಬಾಗಿಲಿನಿಂದ ಕೆಳಕ್ಕೆ ಜಾರಿಕೊಂಡಿದ್ದರು. ಆದರೆ ಪ್ರೊಫೆಸರರು ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಟೇಪನ್ನು ಬೆರಳಿಗೆ ಸುತ್ತುತ್ತ, ಈ ಪುಸ್ತಕ ಮೊದಲ ಸಲ ಅಚ್ಚಾದ ವರ್ಷದ ಮಾತು ಹೇಳಿದರು. ಒಬ್ಬಳು ವಿದ್ಯಾರ್ಥಿನಿ ಉತ್ತರಪತ್ರಿಕೆಯಲ್ಲಿ, ಕೆಳಗಿನ ಗೆರೆ ಉದ್ದ ಕಾಣುವುದು ಅದು ಉದ್ದವಾಗಿರುವುದರಿಂದ ಎಂದು ಬರೆದಿದ್ದಳಂತೆ. ಸೊನ್ನೆ ಕೊಟ್ಟದ್ದಲ್ಲದೆ ಅದನ್ನು ತರಗತಿಯಲ್ಲಿ ಜೋರಾಗಿ ಓದಿ ಎಲ್ಲರನ್ನೂ ನಗಿಸಿದ್ದರಂತೆ.

"ಅವಳು ಈಗ ಎಲ್ಲಿದ್ದಾಳೋ ಗೊತ್ತಿಲ್ಲ," ಎಂದರು.

ಪ್ರೂಫಮ್ಮನಿಗೆ ಪಾಪ ಎನಿಸಿತು. ಆದರೆ ಪಾಪ ಎನಿಸಿತೆಂದು ಬಿಟ್ಟುಬಿಡುವ ಜಾಯಮಾನ ಅವರದಲ್ಲ. ಮತ್ತೊಂದು ಪುಟ ಮುಂದಿಟ್ಟರು. ಅಲ್ಲಿ ಒಂದು ಗುಣಿಸುವ ಗುರುತು, ಬಲಕ್ಕೆ ಒಂದು ಚುಕ್ಕೆ. ಎಡಗಣ್ಣು ಮುಚ್ಚಿ ಗುರುತನ್ನೇ ನೋಡುತ್ತ ಪುಟವನ್ನು ಮೆಲ್ಲಗೆ ಹತ್ತಿರ ತಂದರೆ ಚುಕ್ಕೆ ಮಾಯವಾಗುತ್ತದೆ ಎಂದು ಬರೆದಿತ್ತು. ಜಾಗ ಉಳಿಸಲು ಎರಡನ್ನೂ ಒತ್ತೊತ್ತಾಗಿ ಅಚ್ಚು ಹಾಕಿದ್ದರಿಂದ, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ ತರದೆ ಅದು ಎಲ್ಲಿಗೂ ಹೋಗುವಂತಿರಲಿಲ್ಲ.

"ಇದು ಮಾಯವಾಗಿದ್ದನ್ನ ನೀವು ನೋಡಿದ್ದೀರಾ ಸರ್?"

ಪ್ರೊಫೆಸರರು ಒಂದು ಕಣ್ಣು ಮುಚ್ಚಿದರು, ತೆರೆದರು, ಪುಟ ಹತ್ತಿರ ತಂದರು, ದೂರ ಹಿಡಿದರು. ಕೊನೆಗೆ ತಗ್ಗಿದ ದನಿಯಲ್ಲಿ ನಿಜ ಬಿಟ್ಟುಕೊಟ್ಟರು. ಚಿತ್ರ ಅವರ ಗುರುಗಳ ಟಿಪ್ಪಣಿಯದ್ದು. ಓದುವಾಗ ಪ್ರಯೋಗದ ಪುಸ್ತಕದಲ್ಲಿ ಅವರೂ 'ಚುಕ್ಕೆ ಮಾಯವಾಯಿತು' ಎಂದೇ ಬರೆದಿದ್ದರು. ಪಕ್ಕದವನು ಹಾಗೆ ಬರೆದಿದ್ದನಂತೆ. ಇಬ್ಬರೂ ಮುಖ ಮುಖ ನೋಡಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕೆಳಗೆ ಯಂತ್ರದ ಬಳಿ ಅವಿತಿದ್ದ ಯಜಮಾನರು, ಅದು ಅಳುವೋ ನಗುವೋ ತಿಳಿಯದೆ, ಇನ್ನಷ್ಟು ಹೊತ್ತು ಅಲ್ಲೇ ಉಳಿದರು.

ಐದನೆಯ ಮುದ್ರಣ ಒಂದು ತಿಂಗಳು ತಡವಾಯಿತು. ನಲವತ್ತೆರಡು ಚಿತ್ರಗಳನ್ನೂ ಗಂಡ ಹೆಂಡತಿ ಕೂತು ಅಳೆದರು. ಏಳು ಕೆಟ್ಟಿದ್ದವು.

ಗೌರವಪ್ರತಿಯನ್ನು ದರ್ಜಿ ಹಕ್ಕಿನಿಂದ ಅಂಗಡಿಯಲ್ಲಿ ಇಟ್ಟುಕೊಂಡರು. ಅಲ್ಲಿಂದ ಅವರ ಬಾಯಿಗೆ ಹೊಸ ಬಲ ಬಂತು. ತೋಳು ಒಂದು ಉದ್ದ ಒಂದು ಗಿಡ್ಡ ಆಗಿದೆ ಎಂದು ಯಾರಾದರೂ ಅಂಗಿ ವಾಪಸ್ ತಂದರೆ ಮೂರನೆಯ ಅಧ್ಯಾಯ ತೆಗೆದು, ಎರಡೂ ಸಮವೇ ಇವೆ, ನಿಮ್ಮ ಕಣ್ಣು ಮೋಸ ಮಾಡುತ್ತಿದೆ ಎಂದು ತೋರಿಸುತ್ತಿದ್ದರು. ಓದಿದವರೇ ಹೆಚ್ಚು ಬೇಗ ಒಪ್ಪಿಕೊಂಡು ಹೋಗುತ್ತಿದ್ದರು. ಪ್ರೂಫಮ್ಮ ಎರಡು ತಿಂಗಳು ಬಾಗಿಲ ಮರೆಯಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಮೂರನೆಯ ತಿಂಗಳು ತಮ್ಮದೇ ಹೊಸ ರವಿಕೆಯ ಎಡತೋಳೊಂದೇ ಮೊಣಕೈಗೆ ಇಳಿದಾಗ ಅದನ್ನು ಹೊಲಿಗೆ ಯಂತ್ರದ ಮೇಲೆ ಹಾಸಿ, ತೋಳಿನ ಮೇಲೆ, ಪ್ರೂಫಿನಲ್ಲಿ ತಪ್ಪಿಗೆ ಹಾಕುವ ಹಾಗೆ, ಸೀಮೆಸುಣ್ಣದಿಂದ ಗುರುತು ಹಾಕಿದರು. ದರ್ಜಿ ಪುಸ್ತಕದತ್ತ ಕೈ ಚಾಚಿದವರು, ಹೆಂಡತಿಯ ಮುಖ ನೋಡಿ ಕತ್ತರಿ ಎತ್ತಿಕೊಂಡು ಹೊಲಿಗೆ ಬಿಚ್ಚತೊಡಗಿದರು.