ಕೆಡವದೆ ಉಳಿದ ಚಿಮಣಿ

ಜೆಸಿಬಿ ಶುರುವಾದದ್ದೇ ತಡ, ಕಾಶೀಬಾಯಿ ಎಂಬ ಅಜ್ಜಿ ಬಂದು ಗಿರಣಿಯ ಹೊಗೆ ಚಿಮಣಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟರು. ಭಾಲ್ಕಿ ಸಮೀಪದ ಮಾಂಜ್ರಾ ದಂಡೆಯಲ್ಲಿ ಪಾಳುಬಿದ್ದಿದ್ದ ಆ ಹತ್ತಿ ಗಿರಣಿಯನ್ನು ಹೊಲಿಗೆ ತರಬೇತಿ ಕೇಂದ್ರ ಮಾಡುವ ಕೆಲಸದ ಉಸ್ತುವಾರಿ ನನ್ನದು. ಬಿರುಕು ಬಿಟ್ಟ ಚಿಮಣಿಯನ್ನು ಕೆಡವುವುದೆಂದು ತೀರ್ಮಾನವಾಗಿತ್ತು.

"ಏಳ್ರಿ ಆಯಿ, ಮೈಮ್ಯಾಲೆ ಬಿದ್ದೀತು," ಎಂದೆ.

"ಬರಗಾಲದಾಗ ಊರಿಗಿ ಊರೇ ಹೈದ್ರಾಬಾದಿಗಿ ಹೋದಾಗ ನಮ್ಮವ್ವ ಇಟ್ಟಂಗಿ ಹೊತ್ತು ಇದನ್ನ ಕಟ್ಯಾಳ್ರಿ. ಈ ಕೆಲಸ ಇತ್ತಂತ ನಾವು ಊರು ಬಿಡಲಿಲ್ಲ. ಕೆಡವಬ್ಯಾಡ್ರಿ ಸಾಹೇಬ್ರ!"

ಯಂತ್ರ ನಿಲ್ಲಿಸಿದೆ. ಮೇಲಿನವರನ್ನು ಒಪ್ಪಿಸಲು ಬೀದರಿಗೆ ಮತ್ತೆ ಮತ್ತೆ ಅಲೆದೆ. ಕೊನೆಗೆ ತಜ್ಞರು ಬಂದು ನೋಡಿ, ಕಬ್ಬಿಣದ ಪಟ್ಟಿ ಬಿಗಿದು ಗಾರೆ ತುಂಬಿದರೆ ಚಿಮಣಿ ನಿಲ್ಲುತ್ತದೆ ಎಂದರು. ಆ ವರ್ಷವೂ ಮಳೆ ಕೈಕೊಟ್ಟಿತ್ತು. ಗುಳೆ ಹೊರಟಿದ್ದ ಸಂತಪುರದ ಕೆಲವು ಕುಟುಂಬಗಳನ್ನು ದುರಸ್ತಿಗೆ ಕರೆದೆವು. ಅವರು ಕಟ್ಟಿದ ಗಂಟು ಬಿಚ್ಚಿ, ಗಾರೆ ಕಲೆಸಲು ನಿಂತರು. ಕೇಂದ್ರದ ಬಾಗಿಲನ್ನು ಕಾಶೀಬಾಯಿಯವರಿಂದಲೇ ತೆಗೆಸಿದೆವು. ಮೊದಲ ತಂಡದಲ್ಲಿ ಅವರ ಮೊಮ್ಮಗಳೂ ಇದ್ದಳು.

ಎಷ್ಟೋ ಕಟ್ಟಡ ಕಟ್ಟಿಸಿದ್ದೇನೆ. ಆದರೆ ನನ್ನ ಮಕ್ಕಳನ್ನು ಕರೆದೊಯ್ದು ಎದೆಯುಬ್ಬಿಸಿ ತೋರಿಸಿದ್ದು, ನಾನು ಕಟ್ಟಿಸದೆ ಬರೀ ಉಳಿಸಿದ ಇದೊಂದನ್ನೇ.